ಐದಡಿ ಕಪ್ಪಿನ ಧರ್ಮರಾಜು

ಚಾಮರಾಜಪೇಟೆಯ ಆ ಸಣ್ಣ ಹೈಸ್ಕೂಲಿನಲ್ಲಿ ಇದ್ದದ್ದು ಒಟ್ಟು ಎಪ್ಪತ್ತೆರಡು ಹುಡುಗರು. ಅವರಲ್ಲಿ ಎಪ್ಪತ್ತೊಂದು ಜನಕ್ಕೆ ಬೇಗ ಬೇಗ ಎತ್ತರ ಬೆಳೆಯಬೇಕೆಂಬ ಆಸೆ. ಉಳಿದ ಒಬ್ಬ ಧರ್ಮರಾಜು. ಅವನಿಗೆ ಆಗಲೇ ಇಪ್ಪತ್ತು ತುಂಬಿತ್ತು. ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮೂರನೆಯ ಸಲ ಅದೇ ಬೆಂಚಿನಲ್ಲಿ ಕೂತಿದ್ದ. ಮೀಸೆ ಒತ್ತಾಗಿ ಬಂದು, ಹೊಸದಾಗಿ ಸೇರಿದ ಹುಡುಗರು ಅವನನ್ನು ಮೇಷ್ಟ್ರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅವನು ಎದ್ದು ನಿಂತಾಗಲೇ ಅವರಿಗೆ ಅನುಮಾನ ಬರುತ್ತಿದ್ದದ್ದು, ಯಾಕೆಂದರೆ ಅವನ ಎತ್ತರ ನಾಲ್ಕಡಿ ಹತ್ತೂವರೆ ಇಂಚಿಗೆ ಬಂದು ನಿಂತದ್ದು ನಿಂತೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕೊರಗಿ ಸಾಯುತ್ತಿದ್ದರು. ಧರ್ಮರಾಜು ಮಾತ್ರ ಶಾಲೆಯಲ್ಲಿ ಮೈಸೂರಿನ ಆನೆಯ ಹಾಗೆ ಮೆರೆಯುತ್ತಿದ್ದ.

ಅದಕ್ಕೆ ಕಾರಣ ಐದಡಿ ಕಪ್. ಸಾವಿರದ ಒಂಬೈನೂರ ಹದಿಮೂರರ ಆಸುಪಾಸಿನಲ್ಲಿ ಫುಟ್‌ಬಾಲಿನ ಹುಚ್ಚು ಇಂಗ್ಲಿಷ್ ಸಿಪಾಯಿಗಳಿದ್ದ ದಂಡಿನ ಕಡೆಯಿಂದ ಹರಡಿಕೊಂಡು ಪೇಟೆಯ ಶಾಲೆಗಳಿಗೂ ಬಂದಿತ್ತು. ಪಂದ್ಯ ನಡೆಸುವವರಿಗೆ ಒಂದೇ ತಲೆನೋವು. ಸಣ್ಣ ಹುಡುಗರ ಆಟಕ್ಕೆ ಸಣ್ಣವರು ಯಾರು ಎಂದು ತೀರ್ಮಾನಿಸುವುದು ಹೇಗೆ? ವಯಸ್ಸು ಕೇಳೋಣವೆಂದರೆ ಹೆತ್ತವರಿಗೇ ಗೊತ್ತಿರಲಿಲ್ಲ. ಧರ್ಮರಾಜುವಿನ ಅಪ್ಪ ಮುನಿಗಂಗಪ್ಪನನ್ನು ಕೇಳಿದರೆ, ಪ್ಲೇಗು ಬಂದ ವರ್ಷ ಇವನಿಗೆ ಮುಂದಿನ ಹಲ್ಲು ಬಿದ್ದಿತ್ತು ಎನ್ನುವುದಷ್ಟೇ ಅವನ ಲೆಕ್ಕ. ಸರಿ, ವಯಸ್ಸಿನ ಗೊಡವೆಯೇ ಬೇಡ, ಎತ್ತರ ನೋಡಿಬಿಡೋಣ ಎಂದು ನಿಶ್ಚಯವಾಯಿತು. ಬಯಲಿನ ಅಂಚಿನಲ್ಲಿ ಎರಡು ಕಂಬ ನೆಟ್ಟು, ಸರಿಯಾಗಿ ಐದಡಿಗೆ ಒಂದು ಅಡ್ಡಪಟ್ಟಿ ಹೊಡೆಯುತ್ತಿದ್ದರು. ಆಡುವವರು ಟೋಪಿ ತೆಗೆದು, ಜುಟ್ಟು ಬಿಚ್ಚಿ, ಅದರ ಕೆಳಗೆ ಬರಿಗಾಲಲ್ಲಿ ನೆಟ್ಟಗೆ ನಿಲ್ಲಬೇಕು. ಪಟ್ಟಿ ತಲೆಗೆ ತಗುಲಿದವನು ಮನೆಗೆ ಹೋಗಬೇಕು, ತಗುಲದವನು ಆಡಬಹುದು. ಮೀಸೆಯ ವಿಚಾರವಾಗಿ ಕಾನೂನಿನಲ್ಲಿ ಒಂದಕ್ಷರವೂ ಇರಲಿಲ್ಲ.

ಹೀಗಾಗಿ ನಾಲ್ಕು ವರ್ಷದಿಂದ ಧರ್ಮರಾಜು ಹದಿಮೂರು ಹದಿನಾಲ್ಕರ ಹುಡುಗರ ನಡುವೆ ಕಪ್ಪನೆಯ ಮೀಸೆ ಇಟ್ಟುಕೊಂಡು ಆಡುತ್ತಿದ್ದ. ಎದುರು ಪಕ್ಷದವರು ಪ್ರತಿ ವರ್ಷವೂ ಮೋಸ ಮೋಸ ಎಂದು ಬೊಬ್ಬೆ ಹಾಕುತ್ತಿದ್ದರು. ಅವನು ನಿಂತ ಜಾಗದಲ್ಲಿ ಕುಳಿ ತೋಡಿದ್ದಾರೋ ಎಂದು ಕೂತು ಮಣ್ಣು ಮುಟ್ಟಿ ನೋಡುತ್ತಿದ್ದರು. ಒಂದು ವರ್ಷ ದಂಡಿನ ಶಾಲೆಯ ಮೇಷ್ಟ್ರೊಬ್ಬರು ಅವನ ಎರಡೂ ಕಿವಿ ಹಿಡಿದು ಮೇಲಕ್ಕೆ ಎಳೆದೂ ನೋಡಿದರು. ಪಟ್ಟಿಗೂ ತಲೆಗೂ ನಡುವೆ ಒಂದೂವರೆ ಇಂಚು ಗಾಳಿ ಆಡುತ್ತಲೇ ಇತ್ತು. ಧರ್ಮರಾಜುವಿಗೆ ಜೀವನದಲ್ಲಿ ಹೆಮ್ಮೆಪಡುವಂಥ ಪ್ರಾಮಾಣಿಕತೆ ಇದ್ದದ್ದು ಆ ಒಂದೂವರೆ ಇಂಚಿನಲ್ಲಿ ಮಾತ್ರ.

ಆದರೆ ಕಪ್ ಮಾತ್ರ ಒಮ್ಮೆಯೂ ಕೈಗೆ ಬಂದಿರಲಿಲ್ಲ. ಮೂರು ಸಲ ಫೈನಲಿಗೆ ಹೋಗಿ ಮೂರು ಸಲವೂ ಸೋತು ಬಂದಿದ್ದರು. ಈ ಸಲ ನಾಲ್ಕನೆಯದು, ಅವನಿಗೆ ಕೊನೆಯದು. ಇನ್ನು ಮುಂದೆ ಫೀಸು ಕಟ್ಟುವುದಿಲ್ಲ, ತೋಟಕ್ಕೆ ಬಾ ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ಇಡೀ ಶಾಲೆಯನ್ನು ಜಾಲಾಡಿದರೂ ಪಟ್ಟಿಯ ಕೆಳಗೆ ನುಸುಳಿ ಚೆಂಡು ಒದೆಯಬಲ್ಲವರು ಸರಿಯಾಗಿ ಹನ್ನೊಂದು ಜನ, ಹನ್ನೆರಡನೆಯವನಿಲ್ಲ.

ಗವಿಪುರದ ಹತ್ತಿರ, ಕೆಂಪಾಂಬುಧಿ ಕೆರೆಯ ಕೆಳಗೆ, ಮುನಿಗಂಗಪ್ಪನ ತರಕಾರಿ ತೋಟ. ಬೆಳಿಗ್ಗೆ ಕಿತ್ತ ಸೊಪ್ಪು ಮೂಲಂಗಿ ಸಿದ್ದಿಕಟ್ಟೆಯ ಮಾರುಕಟ್ಟೆಗೆ ಹೋಗುತ್ತಿತ್ತು. ಅಲ್ಲಿ ಪಕ್ಕದಲ್ಲಿ ಕೂತು ಬದನೆಕಾಯಿ ಮಾರುತ್ತಿದ್ದ ಮುತ್ಯಾಲಮ್ಮನಿಗೆ ಬದನೆಕಾಯಿಗಿಂತ ಸಂಬಂಧ ಕುದುರಿಸುವುದರಲ್ಲೇ ಹೆಚ್ಚು ಆಸಕ್ತಿ. ಧರ್ಮರಾಜುವಿಗೆ ಅವಳು ತಂದ ನಾಲ್ಕು ಸಂಬಂಧಗಳೂ ಎತ್ತರದ ಕಾರಣಕ್ಕೇ ತಪ್ಪಿಹೋಗಿದ್ದವು. ಬಯಲಿನಲ್ಲಿ ಮಗನನ್ನು ಮೆರೆಸಿದ ನಾಲ್ಕಡಿ ಹತ್ತೂವರೆ ಇಂಚು ಮನೆಯಲ್ಲಿ ತಾಯಿ ಅಂಜನಮ್ಮನ ನಿದ್ದೆ ಕೆಡಿಸಿತ್ತು. ಐದನೆಯದಾಗಿ ಮುತ್ಯಾಲಮ್ಮ ಶೇಷಾದ್ರಿಪುರದ ಹಿಂದಿನ ತೋಟದವರ ಮಗಳು ರುದ್ರಾಣಿಯ ಸುದ್ದಿ ತಂದಳು. ಹುಡುಗಿಗೆ ಹದಿನೆಂಟು, ಕೆಲಸದಲ್ಲಿ ಚುರುಕು, ಎತ್ತರ ಹದವಾಗಿ ಐದಡಿ ಎಂದಳು. ಇಷ್ಟು ಒಳ್ಳೆಯ ಹುಡುಗಿ ಹದಿನೆಂಟರ ತನಕ ಯಾಕೆ ಉಳಿದಳು ಎಂದು ಅಂಜನಮ್ಮ ಕೇಳಲಿಲ್ಲ. ಹುಡುಗ ಐದಡಿ ಎರಡಿಂಚು ಎಂದು ಅವರಿಗೆ ಹೇಳಿದ್ದೀನಿ, ಅದೊಂದು ನೋಡಿಕೊಳ್ಳಿ ಎಂದು ಮುತ್ಯಾಲಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಅಂಜನಮ್ಮ ನೋಡಿಕೊಂಡಳು. ಹೆಣ್ಣು ನೋಡಲು ಹೊರಟ ಮಂಗಳವಾರ ಮಗನ ತಲೆಗೆ ಒಳಗೆ ಹಳೆಯ ಬಟ್ಟೆ ತುರುಕಿದ ಜರಿ ಪೇಟ ಬಂತು. ಪಂಚೆಯನ್ನು ನೆಲ ಗುಡಿಸುವಷ್ಟು ಇಳಿಬಿಟ್ಟು ಉಡಿಸಿದಳು. ಚೆಂಡಿನ ಸುದ್ದಿ ಎತ್ತಬಾರದು, ಹೇಳಿದಾಗ ಮಾತ್ರ ಏಳಬೇಕು ಎಂದು ದಾರಿಯುದ್ದಕ್ಕೂ ಜಟಕಾದಲ್ಲಿ ಪಾಠ ಮಾಡಿದಳು. ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಅವಳ ಮಡಿಲಲ್ಲೇ ಇತ್ತು. ಅದು ನಾಲ್ಕಿಂಚು ದಪ್ಪದ ಹಲಸಿನ ಮಣೆ.

ಶೇಷಾದ್ರಿಪುರದ ಮನೆಯಲ್ಲಿ ಮಾತುಕತೆ ನಡೆಸಿದ್ದು ಹುಡುಗಿಯ ಸೋದರಮಾವ ಶ್ರೀರಾಮಪ್ಪ. ಆತ ಮಲ್ಲೇಶ್ವರದ ಒಂದು ಶಾಲೆಗೆ ಆ ವರ್ಷವೇ ತುಮಕೂರಿನಿಂದ ಬಂದಿದ್ದ ಡ್ರಿಲ್ ಮೇಷ್ಟ್ರು. ಕೂತರೂ ನಿಂತ ಹಾಗೆಯೇ ಕಾಣುವಷ್ಟು ಬಿಗಿಯಾದ ಮನುಷ್ಯ. ಕಾಫಿ ಆಯಿತು, ತಿಂಡಿ ಆಯಿತು. ಕೊನೆಗೆ ಗಂಡು ಹೆಣ್ಣು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಜೋಡಿ ನೋಡುವ ಹೊತ್ತು ಬಂತು. ಅಂಜನಮ್ಮ ಸರಸರನೆ ಎದ್ದು ಮಣೆ ಹಾಕಿದಳು.

"ನಮ್ಮ ಮನೆತನದಲ್ಲಿ ಗಂಡನ್ನ ಬರೀ ನೆಲದ ಮೇಲೆ ನಿಲ್ಸೋ ಪದ್ಧತಿ ಇಲ್ಲ ಕಣ್ರೀ," ಎಂದಳು. ಅಂಥ ಪದ್ಧತಿ ಹುಟ್ಟಿ ಆಗ ಅರ್ಧ ದಿನವೂ ಆಗಿರಲಿಲ್ಲ.

ಯಾರೂ ತಕರಾರು ಮಾಡಲಿಲ್ಲ. ಧರ್ಮರಾಜು ಮಣೆಯೇರಿ ನಿಂತ. ಇಳಿಬಿದ್ದ ಪಂಚೆ ಮಣೆಯನ್ನು ನುಂಗಿಕೊಂಡಿತು. ರುದ್ರಾಣಿ ಬಂದು ಪಕ್ಕದಲ್ಲಿ ನಿಂತಾಗ ಅವಳ ನೆತ್ತಿ ಅವನ ಹುಬ್ಬಿನ ಹತ್ತಿರಕ್ಕೆ ಬಂತು. ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಧರ್ಮರಾಜು ಓರೆಗಣ್ಣಿನಿಂದ ನೋಡಿದ. ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು, ಹಣೆಯ ಮೇಲೆ ಬೆವರಿನ ಹನಿ ಇತ್ತು. ಆ ಕ್ಷಣದವರೆಗೆ ಅವನಿಗೆ ಮದುವೆಯೆಂದರೆ ಅಮ್ಮನ ಕಾಟ ಅಷ್ಟೇ ಆಗಿತ್ತು. ಮಣೆಯಿಂದ ಇಳಿಯುವಾಗ, ಮದುವೆ ಆದರೆ ಇವಳನ್ನೇ ಆಗಬೇಕು ಎನ್ನಿಸಿಬಿಟ್ಟಿತು.

ಹೊರಡುವಾಗ ಶ್ರೀರಾಮಪ್ಪ ಮುನಿಗಂಗಪ್ಪನ ಕೈ ಹಿಡಿದುಕೊಂಡ.

"ಭಾನುವಾರ ಬಂದು ತಾಂಬೂಲ ಬದಲಾಯಿಸ್ಕೊಳ್ತೀವಿ. ಶನಿವಾರ ಬರೋ ಹಂಗಿಲ್ಲ. ಬಸವನಗುಡಿ ಬಯಲಲ್ಲಿ ಐದಡಿ ಕಪ್ಪಿನ ಫೈನಲ್ ಇದೆ. ಹುಡುಗ್ರ ಎತ್ತರ ಅಳೆಯೋ ಕೆಲಸ ನನಗೆ ವಹಿಸಿದಾರೆ. ಭಾರೀ ಮೋಸ ಅಂತೆ ಅಲ್ಲಿ."

ಜಟಕಾ ಹತ್ತುವಾಗ ಧರ್ಮರಾಜುವಿನ ಪೇಟ ಕಣ್ಣಿನ ಮೇಲಕ್ಕೆ ಜಾರಿತು. ಅವನು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಆ ಅಳತೆಗೆ ತಾನೂ ನಿಲ್ಲಬೇಕೆಂದು ಮನೆಗೆ ಬಂದು ಹೇಳಿದಾಗ ಅಂಜನಮ್ಮನಿಗೆ ಯೋಚನೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಶನಿವಾರ ನಿನಗೆ ಜ್ವರ, ಕಂಬಳಿ ಹೊದ್ದು ಮಲಗು ಎಂದಳು. ಭಾನುವಾರ ತಾಂಬೂಲ ಆಗಿಬಿಟ್ಟರೆ ಆಮೇಲೆ ಅಳೆದರೂ ಆಯಿತು, ತೂಗಿದರೂ ಆಯಿತು. ಮಾತು ಸರಿಯಾಗಿಯೇ ಇತ್ತು. ಶುಕ್ರವಾರದ ತನಕ ಧರ್ಮರಾಜು ಜ್ವರ ಬರಿಸಿಕೊಳ್ಳಲು ಮನಸ್ಸಿನಲ್ಲೇ ತಯಾರಿ ನಡೆಸಿದ. ಆದರೆ ಶುಕ್ರವಾರ ಸಂಜೆ ಗೋಲು ಕಾಯುವ ರಾಮಾನುಜ ತೋಟಕ್ಕೆ ಬಂದ. ಹದಿನಾಲ್ಕು ವರ್ಷದ ಅಯ್ಯಂಗಾರರ ಹುಡುಗ, ನಾಮ ಬೆವರಿನಲ್ಲಿ ಕರಗಿ ಮೂಗಿಗಿಳಿದಿತ್ತು. ಧರ್ಮರಾಜು ಎಲ್ಲವನ್ನೂ ಅವನ ಮುಂದೆ ಹೇಳಿಕೊಂಡ. ರಾಮಾನುಜನಿಗೆ ಇದರಲ್ಲಿ ಕಷ್ಟ ಎಲ್ಲಿದೆ ಎಂಬುದೇ ಅರ್ಥವಾಗಲಿಲ್ಲ. ಹತ್ತು ಜನ ಇಟ್ಟುಕೊಂಡು ಆಡಿದರೆ ದಂಡಿನವರು ಒಂದು ಡಜನ್ ಗೋಲು ಹೊಡೀತಾರೆ, ಹನ್ನೆರಡೂ ನನ್ನ ಮೇಲೇ ಬೀಳುತ್ತವೆ ಎಂದ. ಆಮೇಲೆ ಮೂಲಂಗಿಯೊಂದನ್ನು ಕಿತ್ತು ಕಚ್ಚುತ್ತಾ ಒಂದು ಉಪಾಯ ಕೊಟ್ಟ.

"ಆ ಮಾವ ನಿನ್ನ ನೋಡಿದ್ದು ಒಂದೇ ಸಲ. ಅದೂ ಪೇಟ, ಮೀಸೆ ಇದ್ದಾಗ. ಪೇಟ ಹೆಂಗೂ ಇರಲ್ಲ. ಮೀಸೆ ತೆಗೆಸ್ಬಿಡು ಧರ್ಮಣ್ಣ. ಆಮೇಲೆ ನೀನು ನಮ್ಮ ಥರಾನೇ."

ಅಯ್ಯಂಗಾರರ ಮನೆಯ ಹುಡುಗನಿಗೆ ಮೀಸೆಯೆಂದರೆ ಅಷ್ಟೇ. ಧರ್ಮರಾಜುವಿನ ಜನಕ್ಕೆ ಹಾಗಲ್ಲ. ಅವರಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ಸತ್ತಾಗ ಮಾತ್ರ. ಇದು ಧರ್ಮರಾಜುವಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎರಡು ಆಸೆಗಳ ನಡುವೆ ಸಿಕ್ಕಿಕೊಂಡವನ ಬುದ್ಧಿ ಎಷ್ಟು ಕೆಲಸ ಮಾಡೀತು? ಶನಿವಾರ ಮಧ್ಯಾಹ್ನ ಕಂಬಳಿಯ ಕೆಳಗೆ ಎರಡು ಕುಂಬಳಕಾಯಿ ಮಲಗಿಸಿ, ಹಿತ್ತಿಲಿನಿಂದ ಓಡಿ, ಕ್ಷೌರಿಕನ ಮುಂದೆ ಕೂತ. ಯಾರು ಹೋದರು ಎಂದು ಆತ ಮೆಲ್ಲಗೆ ಕೇಳಿದ. ಯಾರೂ ಹೋಗಿಲ್ಲ ಎಂದರೆ ನಂಬಲಿಲ್ಲ. ದುಃಖದಲ್ಲಿ ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡು ಹೆಚ್ಚು ನೋಯಿಸದೆ ಬೋಳಿಸಿ ಕಳಿಸಿದ.

ಬಯಲಿನಲ್ಲಿ ಜನವೋ ಜನ. ಕಡಲೆಕಾಯಿಯವರು, ಸೌತೆಕಾಯಿಯವರು, ಬೀಡಿ ಸೇದುತ್ತಾ ನಿಂತ ಜಟಕಾದವರು. ದಂಡಿನ ಶಾಲೆಯ ಹನ್ನೊಂದು ಜನ ಒಂದೇ ಥರದ ಬನಿಯನು ತೊಟ್ಟು ಬಂದಿದ್ದರು. ನಮ್ಮವರು ಅವರವರ ಮನೆಯ ಅಂಗಿಯಲ್ಲೇ ಇದ್ದರು. ಅಳತೆಯ ಕಂಬದ ಪಕ್ಕದಲ್ಲಿ ಶ್ರೀರಾಮಪ್ಪ ಕೈಯಲ್ಲಿ ಬರೆದುಕೊಳ್ಳುವ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ರಾಮಾನುಜ ಜುಟ್ಟು ಬಿಚ್ಚಿ ದಾಟಿದ. ಉಳಿದ ಒಂಬತ್ತು ಜನರೂ ದಾಟಿದರು. ಧರ್ಮರಾಜು ನೆಲ ನೋಡಿಕೊಂಡು ಹೋಗಿ ಪಟ್ಟಿಯ ಕೆಳಗೆ ನಿಂತ.

ಶ್ರೀರಾಮಪ್ಪ ಮೊದಲು ಅವನ ನೆತ್ತಿ ನೋಡಿದ, ಆಮೇಲೆ ಮುಖ ನೋಡಿದ. ಮುಖವೆಲ್ಲ ಬಿಸಿಲಿಗೆ ಸುಟ್ಟು ಕಂದಾಗಿತ್ತು, ಮೂಗಿನ ಕೆಳಗೆ ಮಾತ್ರ ಎರಡು ಬೆರಳಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಹಾಗೆ ಹೊಳೆಯದಿದ್ದರೆ ಆತ ಎರಡನೆಯ ಸಲ ನೋಡುತ್ತಲೇ ಇರಲಿಲ್ಲ. ಎರಡನೆಯ ಸಲ ನೋಡಿದವನು ಪುಸ್ತಕವನ್ನು ಕಂಕುಳಿಗಿಟ್ಟು, ಧ್ವನಿ ತಗ್ಗಿಸಿ, ನಿಜವಾದ ಸಂಕಟದಿಂದ ಕೇಳಿದ.

"ಅಯ್ಯೋ ಪಾಪ. ಅಪ್ಪ ಹೋಗ್ಬಿಟ್ರಾ? ಮಂಗಳವಾರ ಚೆನ್ನಾಗಿದ್ರಲ್ಲಪ್ಪ."

"ಇಲ್ಲ," ಎಂದ ಧರ್ಮರಾಜು. "ತೋಟದಲ್ಲಿ ಸೊಪ್ಪಿಗೆ ನೀರು ಕಟ್ತಿದಾರೆ."

ಶ್ರೀರಾಮಪ್ಪನ ಮುಖದಲ್ಲಿ ಸಂಕಟ ಹೋಗಿ ಲೆಕ್ಕ ಶುರುವಾಯಿತು. ಅವನ ಕಣ್ಣು ತುಟಿಯಿಂದ ನೆತ್ತಿಗೆ ಹೋಯಿತು, ನೆತ್ತಿಯಿಂದ ಪಟ್ಟಿಗೆ, ಪಟ್ಟಿಯಿಂದ ಕಾಲಿಗೆ. ಮಣೆಯ ಪದ್ಧತಿ ಆ ಕ್ಷಣಕ್ಕೆ ಅವನಿಗೆ ಪೂರ್ತಿ ಅರ್ಥವಾಗಿರಬೇಕು. ಅದನ್ನು ಕಂಡ ಧರ್ಮರಾಜುವಿನ ಹಿಮ್ಮಡಿಗಳು ಯಾರೂ ಹೇಳದೆ ತಾವಾಗಿಯೇ ಮೇಲೆದ್ದವು. ಟಕ್ಕೆಂದು ತಲೆ ಪಟ್ಟಿಗೆ ಬಡಿಯಿತು.

ದಂಡಿನವರು ಹೋ ಎಂದು ಕುಣಿದರು. ನಾಲ್ಕು ವರ್ಷದಿಂದ ಅವರು ಕಾದಿದ್ದ ಶಬ್ದ ಅದು. ಆಗ ಮೋಸ ಎಂದು ಕೂಗಿದ್ದು ಅವರಲ್ಲ, ನಮ್ಮ ರಾಮಾನುಜ.

"ಸಾರ್, ಅವನು ಹಿಮ್ಮಡಿ ಎತ್ತಿದಾನೆ. ಕೆಳಗಡೆ ನೋಡಿ ಸಾರ್."

ಆಟಗಾರನೊಬ್ಬ ಉದ್ದ ಕಾಣಲು ಮೋಸ ಮಾಡುತ್ತಿದ್ದಾನೆಂದು ಅವನ ಪಕ್ಷದವರೇ ದೂರು ಕೊಟ್ಟದ್ದು ಆ ಕಪ್ಪಿನ ಇತಿಹಾಸದಲ್ಲಿ ಅದೇ ಮೊದಲು. ಶ್ರೀರಾಮಪ್ಪ ಬಗ್ಗಿ ನೋಡಿದ. ನೋಡಿ, ಧರ್ಮರಾಜುವಿಗೆ ಮಾತ್ರ ಕೇಳಿಸುವ ಹಾಗೆ ಹೇಳಿದ.

"ಇನ್ನೊಂದ್ಸಲ ನಿಂತ್ಕೊ. ಈ ಸಲ ನೀನು ಹೆಂಗೆ ನಿಂತ್ಕೋತೀಯೋ ಹಂಗೇ ಬರ್ಕೋತೀನಿ. ಕಾಲು ನೋಡಲ್ಲ."

ಧರ್ಮರಾಜುವಿಗೆ ಅದರ ಅರ್ಥ ಚೆನ್ನಾಗಿ ಆಯಿತು. ಹಿಮ್ಮಡಿ ಎತ್ತಿದರೆ ಐದಡಿಯ ಮೇಲಿನವನೆಂದು ಪುಸ್ತಕದಲ್ಲಿ ಬರೆದಾಗುತ್ತದೆ. ಹುಡುಗಿಯ ಮನೆಯವರಿಗೆ ತೋರಿಸಲು ಮಾವನ ಕೈಯಲ್ಲೇ ಬರೆದ ಸಾಕ್ಷಿ ಸಿಗುತ್ತದೆ, ನಾಳೆ ತಾಂಬೂಲ. ಇಳಿಸಿದರೆ ಆಟ. ಅವನು ಸುತ್ತ ನೋಡಿದ. ಒಂದು ಕಡೆ ಹತ್ತು ಹುಡುಗರು ಬರಿಗಾಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಇನ್ನೊಂದು ಕಡೆ, ಸೌತೆಕಾಯಿ ಮಾರುವವರ ಸಾಲಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು ರುದ್ರಾಣಿ ನಿಂತಿದ್ದಳು. ಅವಳು ಅಲ್ಲಿ ಇರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅವಳೂ ಇವನ ಕಾಲನ್ನೇ ನೋಡುತ್ತಿದ್ದಳು.

ಅವಳ ಎದುರಿಗೇ ಗಿಡ್ಡನಾಗುವುದು ಅವನಿಗೆ ಸಾವಿಗಿಂತ ಕಷ್ಟವಾಗಿತ್ತು. ಆದರೆ ನಾಲ್ಕು ವರ್ಷ ಮೋಸಗಾರನೆನ್ನಿಸಿಕೊಂಡರೂ ಈ ಪಟ್ಟಿಯ ಕೆಳಗೆ ಅವನು ಬೇಕೆಂದು ಒಂದು ಸಲವೂ ಸುಳ್ಳು ನಿಂತಿರಲಿಲ್ಲ. ಇವತ್ತು ನಿಂತು, ಹತ್ತು ಜನರ ಕೊರಳು ಕೊಯ್ದು, ಆಮೇಲೆ ಆ ಹುಡುಗಿಯ ಪಕ್ಕದಲ್ಲಿ ಜೀವಮಾನವೆಲ್ಲ ಕಾಲುಬೆರಳಿನ ಮೇಲೆ ಓಡಾಡುವುದು ಹೇಗೆ ಎನ್ನಿಸಿತು. ಅವನು ಕಣ್ಣು ಮುಚ್ಚಿ ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಊರಿದ. ಮೇಲಿನ ಪಟ್ಟಿ ತಲೆಗೆ ತಗುಲಲಿಲ್ಲ.

"ಹೋಗು, ಆಡು," ಎಂದ ಶ್ರೀರಾಮಪ್ಪ. ಮುಖದಲ್ಲಿ ಏನೂ ಕಾಣಲಿಲ್ಲ.

ಆಟ ಅವನಿಗೆ ಸರಿಯಾಗಿ ನೆನಪಿಲ್ಲ. ಜೀವನದಲ್ಲಿ ಅಷ್ಟು ಕೆಟ್ಟದಾಗಿ ಅವನು ಯಾವತ್ತೂ ಆಡಿರಲಿಲ್ಲ. ಕಾಲಿಗೆ ಬಂದ ಚೆಂಡು ಬಿಟ್ಟು ಸೌತೆಕಾಯಿ ಬುಟ್ಟಿ ಎಲ್ಲಿದೆ ಎಂದು ಹುಡುಕುತ್ತಿದ್ದ. ರಾಮಾನುಜ ಮಾತ್ರ ಗೋಲಿನ ಮುಂದೆ ಬಿದ್ದು ಎದ್ದು ಮೈಯೆಲ್ಲ ತರಚಿಕೊಂಡು ಆರೋ ಏಳೋ ಚೆಂಡು ತಡೆದ. ಕೊನೆಗೆ ನಮ್ಮವರಲ್ಲೊಬ್ಬ ದಿಕ್ಕಿಲ್ಲದೆ ಒದ್ದ ಚೆಂಡು, ಬೇರೆಲ್ಲೋ ನೋಡುತ್ತಾ ನಿಂತಿದ್ದ ಧರ್ಮರಾಜುವಿನ ಹಣೆಗೆ ಬಡಿದು ಗೋಲಿಗೆ ಹೋಯಿತು. ಇನ್ನೆರಡು ಇಂಚು ಎತ್ತರ ಇದ್ದಿದ್ದರೆ ಅದು ಮೂಗಿಗೆ ಬಡಿಯುತ್ತಿತ್ತು. ಅವನು ಎದ್ದು ಕೂರುವಷ್ಟರಲ್ಲಿ ಹುಡುಗರು ಅವನ ಮೇಲೆ ಬಿದ್ದಿದ್ದರು. ಒಂದು ಗೋಲಿಗೆ ಸೊನ್ನೆ. ಐದಡಿ ಕಪ್ ಚಾಮರಾಜಪೇಟೆಗೆ ಬಂತು.

ಹುಡುಗರು ಕಪ್ಪನ್ನು ತಲೆಯ ಮೇಲೆ ಹೊತ್ತು ಬಯಲು ಸುತ್ತುತ್ತಿದ್ದಾಗ ಧರ್ಮರಾಜು ಅವರ ಜೊತೆ ಹೋಗಲಿಲ್ಲ. ನೇರವಾಗಿ ಕಂಬ ಕೀಳುತ್ತಿದ್ದ ಶ್ರೀರಾಮಪ್ಪನ ಮುಂದೆ ಹೋಗಿ ನಿಂತ. ಮಣೆಯ ವಿಚಾರ ತಾನೇ ಹೇಳಿದ. ಅಮ್ಮನದು ತಪ್ಪಿಲ್ಲ, ನಾನೇ ಹತ್ತಿ ನಿಂತದ್ದು, ನೀವು ನಾಳೆ ಬರಬೇಕಾಗಿಲ್ಲ ಎಂದ. ಹೇಳುವಾಗ ತುಟಿ ಅದುರಿತು. ಅದನ್ನು ಮರೆಮಾಡಲು ಮೀಸೆಯೂ ಇರಲಿಲ್ಲ.

ಶ್ರೀರಾಮಪ್ಪ ಕಂಬ ಕಿತ್ತು ಕೈಗೆ ತೆಗೆದುಕೊಂಡ. ಎರಡು ಸಲ ಕೆಮ್ಮಿದ, ಕಂಬದ ಮಣ್ಣು ಒರೆಸಿದ. ಡ್ರಿಲ್ ಮೇಷ್ಟ್ರಿಗೆ ಮುಖ ಎಲ್ಲಿಡಬೇಕೆಂದು ತಿಳಿಯದ ಹಾಗಿತ್ತು. ಅಷ್ಟರಲ್ಲಿ ರುದ್ರಾಣಿ ಬಂದು ಖಾಲಿ ಬುಟ್ಟಿಯನ್ನು ನೆಲದ ಮೇಲಿಟ್ಟು, ಧರ್ಮರಾಜುವಿನ ಎದುರಿಗೆ ಮಂಡಿಯೂರಿ ಕೂತಳು. ಕೂತಲ್ಲಿಂದಲೇ ಮುಖ ಎತ್ತಿ ಮಾತಾಡಿದಳು.

"ಮಂಗಳವಾರ ನಾನು ನೆಟ್ಟಗೆ ನಿಂತಿರಲಿಲ್ಲ. ಸೀರೆ ಒಳಗೆ ಮಂಡಿ ಮಡಚ್ಕೊಂಡು ನಿಂತಿದ್ದೆ. ಮಾವನೇ ಮೂರು ದಿನ ಅಭ್ಯಾಸ ಮಾಡಿಸಿದ್ರು, ಒನ್ ಟೂ ಹೇಳ್ಕೊಂಡು. ಇಷ್ಟೊತ್ತೂ ನೀವು ನನ್ನ ದೂರದಿಂದ ನೋಡಿದ್ರಿ, ಅದಕ್ಕೇ ತಿಳಿದಿಲ್ಲ."

ಶ್ರೀರಾಮಪ್ಪ ಕಂಬ ಹೆಗಲಿಗೇರಿಸಿಕೊಂಡು ಯಾರೋ ಕರೆದವರ ಹಾಗೆ ಆ ಕಡೆ ಹೊರಟುಹೋದ.

ರುದ್ರಾಣಿ ನಗುತ್ತಾ ಮುಂದುವರಿಸಿದಳು. ಏಳು ಗಂಡುಗಳು ತನ್ನ ಎತ್ತರ ನೋಡಿ ಎದ್ದು ಹೋಗಿದ್ದರಂತೆ. ಆಮೇಲಿಂದ ಮನೆಯಲ್ಲಿ ಬಾಗಿಲು ದಾಟುವಾಗಲೂ, ನೀರು ಹೊರುವಾಗಲೂ, ನಾಲ್ಕು ಜನರೆದುರು ಬರುವಾಗಲೂ ಬಗ್ಗು ಬಗ್ಗು ಎಂದೇ ಹೇಳುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಅವಳ ನಗು ನಿಂತುಹೋಯಿತು.

"ನಿಮ್ಮನ್ನ ಅಲ್ಲಿ ನೋಡಿದೆ. ಎಲ್ಲರೆದುರಿಗೂ ಹಿಮ್ಮಡಿ ಇಳಿಸಿದ್ರಿ. ಅದಕ್ಕೆ ಕೇಳ್ತಿದೀನಿ," ಎಂದಳು. "ನಿಮ್ಮ ಮನೇಗೆ ಬಂದ್ಮೇಲೆ ನಾನು ನೆಟ್ಟಗೆ ನಿಂತ್ಕೋಬೋದಾ?"

"ಈಗಲೇ ನಿಂತ್ಕೊ," ಎಂದ ಧರ್ಮರಾಜು.

ಅವಳು ಎದ್ದಳು. ಮೊದಲು ಅರ್ಧ ಎದ್ದು, ರೂಢಿಯಂತೆ ಅಲ್ಲೇ ನಿಂತು, ಅವನ ಮುಖ ನೋಡಿದಳು. ಆಮೇಲೆ ಬೆನ್ನು ಬಿಚ್ಚಿದಳು, ಮಂಡಿ ಬಿಚ್ಚಿದಳು, ಕೊರಳೆತ್ತಿದಳು. ಐದಡಿ ನಾಲ್ಕಿಂಚು. ಧರ್ಮರಾಜು ಮುಖ ಎತ್ತಿ ನೋಡಿದ, ಸಾಲದೆ ಇನ್ನೂ ಸ್ವಲ್ಪ ಎತ್ತಿದ. ಅವನಿಗೆ ಒಂದು ಚೂರೂ ನಾಚಿಕೆಯಾಗಲಿಲ್ಲ. ಇಷ್ಟು ಉದ್ದದ ಹುಡುಗಿ ತನಗೆ ಸಿಕ್ಕಳಲ್ಲ ಎಂದು ಸಂತೋಷವಾಯಿತು.